ಗಂಡಸಿಯ ಸಭೆಯಲ್ಲಿ ಬಿದ್ದ ಏಟು

ನಮ್ಮ ವಿಶ್ವವಿದ್ಯಾಲಯದ ಕ್ಯಾನ್ಸರ್ ಕೇಂದ್ರ ಅರಸೀಕೆರೆಯಲ್ಲಿ ತಪಾಸಣಾ ಘಟಕ ತೆರೆಯುವುದಿತ್ತು. ವೈದ್ಯೆಯಾದ ನಾನು ಅದನ್ನು ಜನರಿಗೆ ವಿವರಿಸಲು ಅದೇ ತಾಲ್ಲೂಕಿನ ಗಂಡಸಿ ಎಂಬ ಊರಿಗೆ ಹೋಗಿದ್ದೆ. ಸಭೆಯ ನಡುವೆ ಕೊಬ್ಬರಿ ವ್ಯಾಪಾರಿಯೊಬ್ಬರು ಎದ್ದು ಬಂದು ಕಬ್ಬಿಣದ ಕುರ್ಚಿಯನ್ನು ನನ್ನತ್ತ ಬೀಸಿದರು. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು.

“ಕಾಯಿಲೆ ಐತೆ ಅಂತ ಹೇಳೋಕ್ ಬಂದ್ರಾ? ನನ್ ಹೆಂಡ್ತಿಗೂ ಹಂಗೇ ಹೇಳಿದ್ರು. ಔಷಧಿಗೆ ಬೆಂಗ್ಳೂರಿಗೆ ಓಡಾಡಿ ಓಡಾಡಿ ರೈಲಲ್ಲೇ ಸತ್ಲು!”

ಜನ ಅವರನ್ನು ಕೆಡವಿ ಒದೆಯತೊಡಗಿದರು. ಹಲ್ಲು ಮುರಿದರೂ ಬಿಡಲಿಲ್ಲ. ನಾನು ಅವರ ಮೇಲೆ ಅಡ್ಡಲಾಗಿ ಬಿದ್ದು, “ಬಿಡ್ರೀ, ಸಾಯಿಸ್ತೀರಾ?” ಎಂದು ಕಿರುಚಿದೆ. ನನ್ನ ಬೆನ್ನಿಗೂ ಒದೆ ಬಿತ್ತು.

ಪೊಲೀಸರಿಗೆ ದೂರು ಕೊಡಿ ಎಂದರು ಮೇಲಧಿಕಾರಿಗಳು. ಕೊಡಲಿಲ್ಲ. ತಪಾಸಣೆಯ ಜೊತೆಗೆ ಅರಸೀಕೆರೆಯಲ್ಲೇ ಕೀಮೋ ಚಿಕಿತ್ಸೆಯನ್ನೂ ಕೊಡುವುದಾದರೆ ಮಾತ್ರ ಮತ್ತೆ ಹೋಗುತ್ತೇನೆಂದು ಹಟ ಹಿಡಿದೆ. ತುಂಬಾ ಜಗಳವಾಡಿ ಕೊನೆಗೆ ಒಪ್ಪಿಸಿದೆ. ಈಗ ಬೇಲೂರು, ಹಳೇಬೀಡಿನವರೂ ಅಲ್ಲಿಗೆ ಬಂದು ಔಷಧಿ ಹಾಕಿಸಿಕೊಂಡು ಸಂಜೆಗೆ ಮನೆ ಸೇರುತ್ತಾರೆ. ಆ ವ್ಯಾಪಾರಿ ಮಾತ್ರ ಒಮ್ಮೆಯೂ ಒಳಗೆ ಕಾಲಿಟ್ಟಿಲ್ಲ.