ಕರೆಯಕ್ಕನಿಗೆ ಬಂದ ಕರೆ

ನಮ್ಮ ಬೀದಿಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ‘ಕಲೆ’ ಎಂಬ ಮಾತನ್ನು ಯಾರೂ ಬಳಸುವುದಿಲ್ಲ. ಕಲೆ ಏನಿದ್ದರೂ ಡ್ರಾಯಿಂಗ್ ಮೇಷ್ಟರ ಸೊತ್ತು, ನಮ್ಮದು ಕರೆ ಎನ್ನುವುದು ಅಂಗಡಿ ಯಜಮಾನನ ನಿಲುವು. ಕಾಫಿ ಕರೆ, ಎಣ್ಣೆ ಕರೆ, ತುಕ್ಕಿನ ಕರೆ, ಮಸಿಯ ಕರೆ. ಮೇಷ್ಟರ ಅಂಗಿಯೇ ಬಣ್ಣ ಮೆತ್ತಿಕೊಂಡು ಅಂಗಡಿಗೆ ಬಂದಾಗ ಮಾತ್ರ ಇದು ಕಲೆಯೋ ಕರೆಯೋ ಎಂದು ಒಂದಿಷ್ಟು ಚರ್ಚೆ ನಡೆಯುತ್ತದೆ.

ಈ ಕರೆಗಳನ್ನೆಲ್ಲ ತೆಗೆಯುವವಳು ಯಜಮಾನನ ತಂಗಿ. ಮದುವೆಯಾಗಿಲ್ಲ, ಅಣ್ಣ ಅತ್ತಿಗೆಯರ ಜೊತೆ ಅಂಗಡಿಯ ಮಹಡಿಯಲ್ಲೇ ವಾಸ. ಬೀದಿಗೆಲ್ಲ ಅವಳು ಕರೆಯಕ್ಕ. ಆ ಹೆಸರು ಅಂಟಿಕೊಳ್ಳಲು ಅವಳ ಕಸುಬು ಅರ್ಧ ಕಾರಣ, ಉಳಿದರ್ಧಕ್ಕೆ ದೇವರೇ ಹೊಣೆ. ಏಕೆಂದರೆ ಕರೆಯಕ್ಕ ಬುದ್ಧಿ ಬಂದಾಗಿನಿಂದ ದೇವರ ಕರೆಗೆ ಕಾಯುತ್ತಿದ್ದಳು. ಬಟ್ಟೆಯ ಮೇಲಿನ ಕರೆಗಳು ಬೇಡವೆಂದರೂ ಬಂದು ಬೀಳುತ್ತಿದ್ದವು. ಬೇಕಾದ ಕರೆ ಮಾತ್ರ ಬರಲಿಲ್ಲ.

ಬರಲೇ ಇಲ್ಲ ಎಂದರೆ ತಪ್ಪಾದೀತು. ಬಾಗಿಲ ತನಕ ಬಂದು ಹಿಂದಿರುಗುತ್ತಿತ್ತು. ಹರೆಯದಲ್ಲಿ ಕಾನ್ವೆಂಟ್ ಸೇರಿ ಸಿಸ್ಟರ್ ಆಗುತ್ತೇನೆಂದು ಹೊರಟಳು. ತಾಯಿ ಹಾಸಿಗೆ ಹಿಡಿದರು. ತಾಯಿ ತೀರಿಕೊಂಡ ಮೇಲೆ ಹೋಗಿ ಕೇಳಿದರೆ, ಮಗಳೇ, ವಯಸ್ಸು ಮೀರಿತು ಎಂದರು ಅಲ್ಲಿನ ಹಿರಿಯ ಸಿಸ್ಟರ್. ಕರೆಗೂ ವಯಸ್ಸಿನ ಮಿತಿ ಇರುವುದು ಅವಳಿಗೆ ಆಗಲೇ ತಿಳಿದದ್ದು. ಆಮೇಲೆ ನರ್ಸ್ ಆಗಿ ಬಡವರ ಸೇವೆ ಮಾಡುವ ಯೋಚನೆ ಬಂತು. ತರಬೇತಿಯಲ್ಲಿ ಮೊದಲ ತೊಟ್ಟು ರಕ್ತ ಕಂಡದ್ದೇ ತಡ, ರೋಗಿಯ ಪಕ್ಕದ ಮಂಚದಲ್ಲಿ ಅವಳನ್ನೇ ಮಲಗಿಸಬೇಕಾಯಿತು. ರಕ್ತ ಬಟ್ಟೆಯ ಮೇಲಿದ್ದರೆ ಅವಳು ತಣ್ಣೀರು ಹಾಕಿ ತೆಗೆಯಬಲ್ಲಳು. ಮನುಷ್ಯರ ಮೇಲಿದ್ದರೆ ತಣ್ಣೀರನ್ನು ಅವಳ ಮುಖಕ್ಕೇ ಹಾಕಬೇಕು. ಕೊನೆಗೆ ಚರ್ಚಿನ ಗಾಯನ ತಂಡ ಸೇರಿದಳು. ತಂಡದ ನಾಯಕರು ಒಳ್ಳೆಯ ಮನುಷ್ಯರು. ಸ್ವಲ್ಪ ದಿನ ಕೇಳಿ, ಅಕ್ಕನಿಗೆ ಹಾರ್ಮೋನಿಯಂನವರ ಹಾಳೆ ತಿರುಗಿಸುವ ಸೇವೆಯನ್ನು ಗೌರವಪೂರ್ವಕವಾಗಿ ವಹಿಸಿಕೊಟ್ಟರು.

ಪ್ರತಿ ಸಲವೂ ಅವಳು ಹಬೆ ತುಂಬಿದ ಹಿಂದಿನ ಕೋಣೆಗೇ ವಾಪಸಾಗುತ್ತಿದ್ದಳು. ಯಾರಾದರೂ ಕೇಳಿದರೆ ‘ಸದ್ಯಕ್ಕೆ ಇಲ್ಲಿದೀನಿ’ ಎನ್ನುತ್ತಿದ್ದಳು. ಆ ಸದ್ಯದಲ್ಲೇ ಕನ್ನಡಕ ಬಂತು, ಕೂದಲು ನರೆಯಿತು. ಫಾದರಿಗೆ ಹಿಂಡು ಕಾಯುವ ಕೆಲಸ ಕೊಟ್ಟ ದೇವರು ನನಗೆ ಬರೀ ಹಿಂಡುವ ಕೆಲಸ ಕೊಟ್ಟ ಎಂದು ಒದ್ದೆ ಕೋಟುಗಳನ್ನು ತಿರುಚುತ್ತಾ ನೊಂದುಕೊಳ್ಳುತ್ತಿದ್ದಳು.

ಹೀಗಿರುವಾಗ ಗುಡ್ಡದ ಮೇಲೆ ಸಿಸ್ಟರುಗಳು ನಡೆಸುವ ವೃದ್ಧರ ಮನೆಗೆ ಒಬ್ಬ ಸಹಾಯಕಿ ಬೇಕಂತೆ ಎಂಬ ಸುದ್ದಿ ಬಂತು. ಕರೆಯಕ್ಕ ಅಂದೇ ಫಾದರ್ ಬಳಿ ಓಡಿದಳು. ವಿಚಾರಿಸಿ ಹೇಳ್ತೀನಿ ಎಂದರು ಅವರು. ಅವಳ ಮನಸ್ಸಿನಲ್ಲಿ ಆಗಲೇ ಗುಡ್ಡ ಎದ್ದು ನಿಂತಿತ್ತು: ಹೊತ್ತುಹೊತ್ತಿಗೆ ಪ್ರಾರ್ಥನೆಯ ಗಂಟೆ, ತಣ್ಣನೆಯ ಮೌನ, ಮುದುಕಿಯೊಬ್ಬಳ ಕೈ ಹಿಡಿದು ಕುಳಿತ ತಾನು. ಅಲ್ಲಿಗೆ ಹೋದರೆ ತಾನು ಒಳ್ಳೆಯವಳಾಗುವುದು ಖಂಡಿತ. ಅತ್ತಿಗೆ ಇರುವ ಮನೆಯಲ್ಲಿ ಅದು ಸಾಧ್ಯವಿಲ್ಲ. ಇಲ್ಲಿ ಬಟ್ಟೆ ಬೆಳ್ಳಗಾಗುತ್ತೆ, ಆತ್ಮ ಅಲ್ಲ ಎಂದು ಅಣ್ಣನಿಗೆ ಬಿಡಿಸಿ ಹೇಳಿದಳು. ಆತ್ಮಕ್ಕೆ ಇಸ್ತ್ರಿ ಬೇಕಿದ್ದರೆ ನಮ್ಮಲ್ಲೂ ಇದೆ ಎಂದ ಅಣ್ಣ. ಅವಳು ನಗಲಿಲ್ಲ. ಇದೂ ತಪ್ಪಿಹೋದರೆ ದೇವರು ತನ್ನನ್ನು ಮರೆತೇಬಿಟ್ಟಿದ್ದಾನೆ ಎಂದು ತಿಳಿದುಕೊಳ್ಳುವುದೆಂದು ಒಳಗೊಳಗೇ ತೀರ್ಮಾನಿಸಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಬಿಷಪ್ ಬರಬೇಕಿದ್ದ ಶನಿವಾರ ಮಧ್ಯಾಹ್ನ, ಚರ್ಚಿನ ಗಂಟೆ ಹೊಡೆಯುವ ತಾತ ಏದುಸಿರು ಬಿಡುತ್ತಾ ಅಂಗಡಿಗೆ ಬಂದರು. ಗಲ್ಲಾದಲ್ಲಿ ಅತ್ತಿಗೆ ಇದ್ದಳು.

“ಅಕ್ಕನ್ನ ಫಾದರ್ ಕೂಡಲೇ ಬರಹೇಳಿದಾರೆ. ದೊಡ್ಡ ಕರೆಯಂತೆ. ಬೇರೆ ಯಾರ ಕೈಲೂ ಆಗಲ್ಲ, ಅಕ್ಕನೇ ಆಗಬೇಕು ಅಂದ್ರು.”

ಇಷ್ಟು ಹೇಳಿ, ಹೆಚ್ಚಿಗೆ ಕೇಳಿಸಿಕೊಳ್ಳುವ ಮನಸ್ಸಿಲ್ಲದವರಂತೆ ತಾತ ಬಂದ ದಾರಿಯಲ್ಲೇ ಮಾಯವಾದರು. ಒಳಗಿದ್ದ ಕರೆಯಕ್ಕನಿಗೆ ಮಾತು ಕೇಳಿಸಿತು. ಅವಳು ಕೈಯಲ್ಲಿದ್ದ ಬ್ರಷ್ಷನ್ನು ಮೆಲ್ಲಗೆ ಕೆಳಗಿಟ್ಟಳು. ಮಹಡಿಗೆ ಹೋಗಿ, ಭಾನುವಾರದ ಬಟ್ಟೆ ಉಟ್ಟು, ಉಳಿದವನ್ನು ಚೀಲಕ್ಕೆ ತುಂಬಿಕೊಂಡು ಇಳಿದು ಬಂದಳು. ಮುಖ ನೋಡಿದರೆ ಆಗಲೇ ಅರ್ಧ ಗುಡ್ಡ ಹತ್ತಿದಂತಿತ್ತು.

ಹೋಗುವ ಮುಂಚೆ ಎಲ್ಲರನ್ನೂ ಕ್ಷಮಿಸಬೇಕಲ್ಲ. ಅಣ್ಣನನ್ನು ಕ್ಷಮಿಸಿದಳು, ಅವನು ಬಾಯಲ್ಲಿ ಗುಂಡಿ ಕಚ್ಚಿಕೊಂಡು ಕೋಟು ಹೊಲಿಯುತ್ತಿದ್ದುದರಿಂದ ಏನೂ ಹೇಳಲಾಗಲಿಲ್ಲ. ಆಮೇಲೆ ಬ್ರಷ್ಷನ್ನು ಅತ್ತಿಗೆಯ ಕೈಗಿಟ್ಟು, “ಅತ್ತಿಗೆ, ನಿಮ್ಮನ್ನೂ ಕ್ಷಮಿಸಿದೀನಿ,” ಎಂದಳು.

“ನಾನೇನು ಮಾಡಿದೆ?”

“ಅದೆಲ್ಲ ಈಗ ಯಾಕೆ. ಕ್ಷಮಿಸಿಯಾಯ್ತಲ್ಲ.”

“ಏನು ಮಾಡಿದೆ ಅಂತ ಹೇಳಿ ಕ್ಷಮಿಸು. ಸುಮ್ಮನೆ ಕ್ಷಮಿಸಿದರೆ ನನಗೆ ರಾತ್ರಿ ನಿದ್ದೆ ಬರಲ್ಲ ಕಣೇ.”

ಹೇಳಲು ತೊಡಗಿದರೆ ಬಿಷಪ್ಪರು ಬಂದು ಹೋಗುವಷ್ಟು ಹೊತ್ತಾಗುತ್ತಿತ್ತು. ಕರೆಯಕ್ಕ ಚೀಲ ಎತ್ತಿಕೊಂಡು ನಡೆದಳು. ದಾರಿಯುದ್ದಕ್ಕೂ ಬೇಕರಿಯವರಿಗೆ, ಚಪ್ಪಲಿ ಹೊಲಿಯುವವರಿಗೆ ಗುಡ್ಡಕ್ಕೆ ಹೋಗಿಬರ್ತೀನಿ ಎಂದು ಹೇಳಿದಳು.

ಬಲಿಪೀಠದ ಹಿಂದಿನ ಕೋಣೆಯಲ್ಲಿ ಫಾದರ್ ಅತ್ತಿಂದಿತ್ತ ಓಡಾಡುತ್ತಿದ್ದರು. ಅವಳನ್ನು ಕಂಡು ಅವರಿಗೆ ಜೀವ ಬಂದಂತಾಯಿತು. ಚೀಲ ನೋಡಿ, ಸಾಮಾನೆಲ್ಲ ತಂದಿದೀರಾ, ಒಳ್ಳೇದಾಯ್ತು ಎಂದರು.

“ಕರೆ ಬಂತಾ ಫಾದರ್?” ಎಂದಳು ಅವಳು.

“ಬಂತಲ್ಲಮ್ಮ, ಇವತ್ತೇ ಬರಬೇಕಾ!”

“ಮೇಲಿನಿಂದ?”

“ಮೇಲಿನಿಂದ ಕೆಳಗಿನವರೆಗೂ. ಸಂಜೆ ಬಿಷಪ್ ಬರೋ ಹೊತ್ತಿಗೆ ಹೋಗಲೇಬೇಕು.”

“ನಾನು ಸಿದ್ಧ ಫಾದರ್.”

“ನನಗೆ ಗೊತ್ತಿತ್ತು,” ಎನ್ನುತ್ತಾ ಫಾದರ್ ಮೇಜಿನ ಮೇಲಿದ್ದ ಬಟ್ಟೆ ಬಿಡಿಸಿದರು. ಬಲಿಪೀಠಕ್ಕೆ ಹಾಸುವ ಕಸೂತಿಯಂಚಿನ ಬಿಳಿಯ ಬಟ್ಟೆ. ಅದರ ನಡುವೆ, ದ್ರಾಕ್ಷಾರಸದ ಸೀಸೆ ತಾತನ ಕೈ ಜಾರಿ, ಒಂದು ಕೆಂಪು ಕೆರೆಯೇ ಹರಡಿತ್ತು.

ಕರೆಯಕ್ಕ ಕೆರೆಯನ್ನು ನೋಡಿದಳು. ಫಾದರ್ ಮುಖ ನೋಡಿದಳು. ಬಾಗಿಲ ಸಂದಿಯಲ್ಲಿ ಅಡಗಿದ್ದ ತಾತನನ್ನು ನೋಡಿದಳು. ಆಮೇಲೆ ಚೀಲದ ಮೇಲೆಯೇ ಕುಸಿದು ಕೂತಳು. ಏನಾಯಿತೆಂದು ಫಾದರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, ನಗಬಾರದೆಂದು ಅವರು ಕಿಟಕಿಯ ಕಡೆ ತಿರುಗಿ ಬಹಳ ಕಷ್ಟಪಟ್ಟರು.

ಆದರೂ ಕರೆ ಕರೆಯೇ. ಅದನ್ನು ನೋಡುತ್ತಾ ಸುಮ್ಮನೆ ಕೂರುವುದು ಅವಳ ಕೈಗೆ ಗೊತ್ತಿರಲಿಲ್ಲ. ತಾತನನ್ನು ಅಡುಗೆಮನೆಗೆ ಅಟ್ಟಿ ಉಪ್ಪು, ಬಿಸಿನೀರು ತರಿಸಿದಳು. ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿದು, ಫಾದರ್ ಕೈಗೆ ಕೆಟಲ್ ಕೊಟ್ಟು, ಎತ್ತರದಿಂದ ಹೊಯ್ಯಲು ಹೇಳಿದಳು. ತಾನು ಬೆರಳಿನಿಂದ ಉಜ್ಜುತ್ತಾ ಗೊಣಗತೊಡಗಿದಳು. ಇದಕ್ಕೇನಾ ನನ್ನನ್ನ ಕರೆದದ್ದು? ಬೀದಿಯವರಿಗೆಲ್ಲ ಹೇಳಿ ಬಂದೆನಲ್ಲ, ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ? ಇರಲಿ, ತಾತನ ಕೈ ನಡುಗುತ್ತೆ ಈಚೆಗೆ, ಅದನ್ನಾದರೂ ಸ್ವಲ್ಪ ನೋಡು.

ಯಾರ ಜೊತೆ ಮಾತಾಡ್ತಿದೀರಿ ಎಂದು ಫಾದರ್ ಕೇಳಿದರು.

“ದೇವರ ಜೊತೆ. ಕೆಲಸ ಮಾಡುವಾಗ ಹೀಗೇ ಗೊಣಗ್ತಾ ಇರ್ತೀನಿ. ಯಾರ ಬಟ್ಟೆನೋ ಅವರ ವಿಚಾರ. ಮೇಷ್ಟರ ಅಂಗಿ ಬಂದರೆ ಅವರ ಕೆಮ್ಮು, ಬೇಕರಿಯವರ ಏಪ್ರನ್ ಬಂದರೆ ಅವರ ಮಗಳು. ನೀವು ತಪ್ಪು ತಿಳಿಬೇಡಿ, ಇದು ಪ್ರಾರ್ಥನೆ ಅಲ್ಲ. ಪ್ರಾರ್ಥನೆ ಮಾಡೋಕೆ ಅಲ್ಲಿ ಪುರುಸೊತ್ತೆಲ್ಲಿ?”

ಫಾದರ್ ಕೆಟಲ್ ಕೆಳಗಿಟ್ಟರು.

“ಇಷ್ಟು ವರ್ಷ ಗೊಣಗಿದ್ದಕ್ಕೆ ಆತ ಏನಾದರೂ ಅಂದಿದಾನಾ?”

ಕರೆಯಕ್ಕ ಯೋಚಿಸಿದಳು. “ಕೆಲವಕ್ಕೆ ಅಂದಿದಾನೆ. ಮೇಷ್ಟರ ಕೆಮ್ಮು ಕಮ್ಮಿಯಾಗಿದೆ. ಮನೆ ಬಿಟ್ಟು ಹೋಗಿದ್ದ ಬೇಕರಿಯವರ ಮಗಳು ವಾಪಸು ಬಂದಳು. ಅತ್ತಿಗೆ ಹಾಗೇ ಇದಾರೆ.”

“ಹಾಗಾದರೆ ಆತ ನಿಮ್ಮನ್ನ ಮರೆತಿಲ್ಲ ಅಂತಾಯ್ತು.”

ಅವಳ ಬೆರಳು ನಿಂತಿತು. ಯಾರಿಗೂ ಹೇಳದ ಮಾತು ಇವರ ಬಾಯಿಗೆ ಹೇಗೆ ಬಂತು ಎಂದು ನೋಡಿದಳು. ಫಾದರ್ ಅದನ್ನು ಗಮನಿಸಲಿಲ್ಲ. ಬೆಳಿಗ್ಗೆ ಗುಡ್ಡದಿಂದ ಫೋನ್ ಬಂದದ್ದು ಈ ಗಡಿಬಿಡಿಯಲ್ಲಿ ಅವರಿಗೆ ಮರೆತೇಹೋಗಿತ್ತು. ಈಗ ನೆನಪಾಗಿ ಹೇಳಿದರು. ಸಿಸ್ಟರುಗಳು ಒಪ್ಪಿದ್ದಾರೆ. ಯಾವಾಗ ಬೇಕಾದರೂ ಬರಬಹುದು. ಕೆಲಸ ಮಾತ್ರ ಹಾಸಿಗೆ ಪಕ್ಕ ಕೂರುವುದಲ್ಲ. ದೊಡ್ಡದೊಂದು ವಾಷಿಂಗ್ ಮಷೀನ್ ತಂದಿದ್ದಾರೆ, ಅದನ್ನು ನೋಡಿಕೊಳ್ಳುವವರು ಬೇಕು.

“ಅಲ್ಲೂ ಬಟ್ಟೆನೇನಾ?”

“ಅಲ್ಲೂ ಬಟ್ಟೆನೇ.”

ಕರೆಯಕ್ಕನಿಗೆ ನಗು ಬಂತು. ಮೊದಲು ತುಟಿಯಂಚಿನಲ್ಲಿ ಬಂದದ್ದು ಆಮೇಲೆ ಹಿಡಿತಕ್ಕೆ ಸಿಗಲಿಲ್ಲ. ಕಣ್ಣಲ್ಲಿ ನೀರೂ ಬಂತು, ಅದು ಯಾವುದರ ಪೈಕಿ ಎಂದು ಅವಳಿಗೇ ತಿಳಿಯಲಿಲ್ಲ. ಮೂಗು ಒರೆಸಿಕೊಂಡು, ಅಷ್ಟು ದೊಡ್ಡ ಮಷೀನಿನಲ್ಲಿ ಎಲ್ಲರ ಬಟ್ಟೆ ಒಟ್ಟಿಗೇ ಹಾಕುತ್ತಾರಾ ಎಂದು ಕೇಳಿದಳು. ಹೌದೆಂದರು ಫಾದರ್. ಹಾಗಿದ್ದರೆ ಯಾರದು ಯಾವುದು ಅಂತ ತಿಳಿಯೋದು ಹೇಗೆ, ಯಾರ ವಿಚಾರ ಅಂತ ಗೊಣಗೋದು ಎಂದಳು. ಹೋಗುವುದೂ ಬಿಡುವುದೂ ನಿಮ್ಮಿಷ್ಟ, ಎರಡಕ್ಕೂ ನನ್ನ ಆಶೀರ್ವಾದ ಇದೆ ಎಂದಷ್ಟೇ ಹೇಳಿದರು ಫಾದರ್.

ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಕೆರೆ ಬತ್ತಿತ್ತು, ದಡದ ಒಂದು ಗೆರೆ ಮಾತ್ರ ತೆಳುವಾಗಿ ಉಳಿದಿತ್ತು. ಅದರ ಮೇಲೆ ಹೂದಾನಿ ಇಡಿ ಎಂದಳು. ಆಮೇಲೆ ಚೀಲ ಎತ್ತಿಕೊಂಡಳು.

“ಬರೋಕೆ ಆಗಲ್ಲ ಅಂತ ಸಿಸ್ಟರಿಗೆ ಹೇಳಿಬಿಡಿ ಫಾದರ್. ಮೇಷ್ಟರ ಕೋಟು ನೆನೆಹಾಕಿ ಬಂದಿದೀನಿ. ಅತ್ತಿಗೆ ಕೈಗೆ ಸಿಕ್ಕಿದರೆ ಮುಗೀತು.”

ವಾಪಸು ಬರುವ ದಾರಿ ಹೋದದ್ದಕ್ಕಿಂತ ಉದ್ದವಾಗಿತ್ತು, ಏಕೆಂದರೆ ಎಲ್ಲರೂ ಬಾಗಿಲಿಗೆ ಬಂದು ನಿಂತು, ಗುಡ್ಡ ಇಷ್ಟು ಹತ್ತಿರಕ್ಕೆ ಯಾವಾಗ ಬಂತು ಎಂದು ವಿಚಾರಿಸಿದರು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ನಡೆದದ್ದನ್ನು ತಾನೇ ಹೇಳಿ ತಾನೇ ನಕ್ಕಳು. ಅಣ್ಣ ಮಾತ್ರ ಏನೂ ಕೇಳದೆ ಚೀಲ ತೆಗೆದುಕೊಂಡು ಹೋಗಿ ಮಹಡಿಯಲ್ಲಿಟ್ಟು ಬಂದ.

ಅಲ್ಲಿಗೆ ಕರೆಯಕ್ಕ ಸಂತಳಾಗಿಬಿಟ್ಟಳು ಎಂದು ಬರೆದರೆ ಅವಳೇ ನನ್ನ ಅಂಗಿಗೆ ಮಸಿ ಸುರಿದಾಳು. ಅತ್ತಿಗೆಯ ಜೊತೆ ಈಗಲೂ ಜಗಳವಿದೆ. ಒಂದು ವ್ಯತ್ಯಾಸ ಮಾತ್ರ ಉಂಟು. ಮೊದಲು ಅವಳ ಗೊಣಗಾಟಕ್ಕೆ ಬಿಡುವೇ ಇರುತ್ತಿರಲಿಲ್ಲ. ಈಗ ನಡುನಡುವೆ ಕೈ ನಿಲ್ಲಿಸದೆಯೇ ಬಾಯಿ ಮುಚ್ಚಿಕೊಳ್ಳುತ್ತಾಳೆ. ಯಾಕೆ ಎಂದರೆ, ಅವನೂ ಮಾತಾಡಬೇಕಲ್ಲ ಎನ್ನುತ್ತಾಳೆ.

ತಾತನ ಬಾಯಿಗೆ ಬಾಗಿಲಿಲ್ಲ. ಗೊಣಗಾಟದ ಸುದ್ದಿ ಊರೆಲ್ಲ ಹರಡಿತು. ಅಂಗಡಿಗೆ ಈಗ ಶುಭ್ರವಾದ ಬಟ್ಟೆಗಳೂ ಬರತೊಡಗಿವೆ. ಕರೆ ಎಲ್ಲಿದೆ ಎಂದು ಯಜಮಾನ ಹುಡುಕುತ್ತಿದ್ದರೆ, ಕರೆ ಇಲ್ಲ, ಮಗಳ ಪರೀಕ್ಷೆ ಇದೆ, ಅಕ್ಕನ ಕೈಗೆ ಕೊಡಿ ಎನ್ನುತ್ತಾರೆ. ಇದಕ್ಕೆ ಏನೆಂದು ಚೀಟಿ ಬರೆಯುವುದೋ ಅವನಿಗೆ ಇನ್ನೂ ಹೊಳೆದಿಲ್ಲ.

ಮೊನ್ನೆ ಅತ್ತಿಗೆ ಹಿಂದಿನ ಕೋಣೆಗೆ ಬಂದಳಂತೆ. ಆಗಷ್ಟೇ ಒಗೆದು ಮಡಚಿದ್ದ ತನ್ನ ಉಣ್ಣೆಯ ಶಾಲನ್ನು ಮೇಜಿನ ಮೇಲಿಟ್ಟು, ಹೊರಟುಹೋಗದೆ ಅಲ್ಲೇ ನಿಂತಳಂತೆ.

“ಇದಕ್ಕೇನಾಗಿದೆ ಅತ್ತಿಗೆ?”

“ಅದಕ್ಕೇನೂ ಆಗಿಲ್ಲ,” ಎಂದಳು ಅತ್ತಿಗೆ ಗೋಡೆ ನೋಡುತ್ತಾ. “ನನಗೇ ಮಂಡಿನೋವು.”

ಕರೆಯಕ್ಕ ಶಾಲನ್ನು ಬಿಡಿಸಿ ಹರವಿದಳು. ಒಂದು ಮೂಲೆಯನ್ನು ನೀರಿಗದ್ದಿ, ಇಲ್ಲದ ಕರೆಯನ್ನು ಮೆತ್ತಗೆ ಉಜ್ಜತೊಡಗಿದಳು.