ಬಾಯ್ಲರಿನೊಳಗಿನ ಹೊಸ ನೀರು

ರೇಡಿಯೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದಾಗ ಮೊದಲು ಗಾಳಿ ಬಂತು, ಆಮೇಲೆ ಒಂದು ಕಪ್ಪು ಹನಿ, ಅದರ ಹಿಂದೆ ಸಣ್ಣ ಎಳೆಯಾಗಿ ನೀರು. ಗಾಳಿಗೆ ತುಕ್ಕಿನ ವಾಸನೆಯಿತ್ತು. ಸ್ಟೀಲ್ ಲೋಟದ ತಳ ಮುಚ್ಚುವಷ್ಟು ನೀರು ಬಿದ್ದ ಮೇಲೆ ಸ್ಕ್ರೂ ಬಿಗಿ ಮಾಡಿ ಮುಂದಿನ ಕೋಣೆಗೆ ಹೋದೆ.

ಅದು ಸ್ಟ್ರೀಟ್ಸ್‌ವಿಲ್‌ನಲ್ಲಿರುವ ನನ್ನ ಸೋದರತ್ತೆಯ ಮನೆ. ಕ್ವೀನ್ ಸ್ಟ್ರೀಟಿನ ಅಂಗಡಿಗಳ ಹಿಂದಿನ ಬೀದಿಯಲ್ಲಿ ಹಳೆಯ ಇಟ್ಟಿಗೆಯ ಕಟ್ಟಡ. ಈ ಚಳಿಯ ದೇಶದ ಹೆಚ್ಚಿನ ಮನೆಗಳಲ್ಲಿ ಬಿಸಿಗಾಳಿ ಊದುವ ಯಂತ್ರ ಇರುತ್ತದೆ. ಅತ್ತೆಯ ಮನೆಯಲ್ಲಿ ಮಾತ್ರ ಬೇಸ್‌ಮೆಂಟಿನ ಬಾಯ್ಲರ್ ನೀರು ಕಾಯಿಸಿ, ಪೈಪುಗಳಲ್ಲಿ ಪ್ರತಿ ಕೋಣೆಯ ಕಬ್ಬಿಣದ ರೇಡಿಯೇಟರಿಗೆ ಕಳಿಸಿ, ಅದೇ ನೀರನ್ನು ವಾಪಸು ತರಿಸಿಕೊಳ್ಳುತ್ತದೆ. ವಸಂತದಲ್ಲಿ ಮಾವ ತೀರಿಕೊಂಡರು. ಅತ್ತೆಗೆ ಜೊತೆಯಾಗಲೆಂದು ನಾನು ಬಂದೆ.

ಮನೆ ಬೆಚ್ಚಗಾಗಬೇಕಾದ ದಿನಗಳು ಬಂದಾಗ ಸದ್ದು ಶುರುವಾಯಿತು. ಪೈಪುಗಳಲ್ಲಿ ಗುಳುಗುಳು, ಬಾಯ್ಲರಿನ ಹೊಟ್ಟೆಯಲ್ಲಿ ಎಸರು ಕುದಿಯುವ ಮುಂಚಿನ ಮೊರೆತ. ಅರೋರಾ ಪಟ್ಟಣದಲ್ಲಿರುವ ಅತ್ತೆಯ ಮಗ ಫೋನಿನಲ್ಲೇ ಅದನ್ನು ಕೇಳಿಸಿಕೊಂಡ.

"ಅವ್ವಾ, enough. ಅದು ಮುದುಕ ಆಗೇತಿ. ಚಳಿ ಬರೂದ್ರಾಗ ಕಿತ್ತ್‌ ಹಾಕ್ಸೋಣು."

"ನಾನೂ ಮುದುಕಿ ಆಗೀನಿ. ನನ್ನೂ ಕೀಳ್ಸು" ಎಂದರು ಅತ್ತೆ. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿದರು. "ನೀ ಇಷ್ಟ್ ಓದೀದಿ. ಏನಾಗೇತಿ ನೋಡ. ಅದ ಹೋಗೂದು ನನಗ ಬ್ಯಾಡ."

ಬಾಯ್ಲರ್ ಉಳಿಯಬೇಕು, ಅವರಿಗೆ ಬೇಕಿದ್ದದ್ದು ಅಷ್ಟೇ. ನಾನು ಕಾರಣ ಹುಡುಕಲು ಕುಳಿತೆ. ಗುಳುಗುಳು ಎಂದರೆ ಗಾಳಿ. ಕೆಳಗಿನ ಅಂತಸ್ತಿನಿಂದ ಶುರುಮಾಡಿ ಒಂದೊಂದೇ ರೇಡಿಯೇಟರಿನಿಂದ ಅದನ್ನು ಹೊರಬಿಟ್ಟೆ. ಸದ್ದು ನಿಂತಿತು, ವಾರ ಕಳೆಯುವುದರೊಳಗೆ ಮತ್ತೆ ಬಂತು. ಅದದೇ ನೀರು ವರ್ಷಗಟ್ಟಲೆ ಸುತ್ತುವ ಪೈಪಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಹೊಸ ನೀರಿನ ಜೊತೆ ಬರುತ್ತದೆ. ಹೊಸ ನೀರು ಸುಣ್ಣವನ್ನೂ ತರುತ್ತದೆ. ಅದು ಬಾಯ್ಲರಿನ ತಳದಲ್ಲಿ ಪದರ ಕಟ್ಟಿದರೆ ಅದರಡಿ ನೀರು ಸಿಕ್ಕಿಕೊಂಡು ಕುದಿದು ಮೊರೆಯುತ್ತದೆ. ಹಾಗಾದರೆ ಹಳೆಯ ನೀರು ಎಲ್ಲೋ ಸೋರಿ ಹೋಗುತ್ತಿರಬೇಕು. ಟಾರ್ಚು ಹಿಡಿದು ಪೈಪುಗಳ ಎಲ್ಲ ಕೀಲುಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದೆ. ಎಲ್ಲೂ ಪಸೆ ಇರಲಿಲ್ಲ.

ಬಾಯ್ಲರಿನ ಹಿಂಬದಿಗೆ ಬಗ್ಗಿದಾಗ ಎರಡು ನಲ್ಲಿಗಳು ಕಂಡವು. ಒಂದರ ಹಿಡಿಗೆ ಅರಿಸಿನದ ಬೊಟ್ಟು, ಇನ್ನೊಂದಕ್ಕೆ ಕುಂಕುಮದ್ದು. ಬಾಯ್ಲರಿನ ಸುತ್ತ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆಗಳಿದ್ದವು. ಪಟ್ಟೆಗಳು ಹಳೆಯವು, ಮಾಸಿದ್ದವು. ಕುಂಕುಮ ಮುಟ್ಟಿದರೆ ಬೆರಳಿಗೆ ಹತ್ತಿತು.

ಅಡುಗೆಮನೆಯಲ್ಲಿ ಅತ್ತೆ ಮೆಂತ್ಯೆ ಸೋಸುತ್ತಿದ್ದರು.

"ಅತ್ತಿ, ಬಾಯ್ಲರ್‌ಗೆ ಯಾರ ನೀರ ತುಂಬ್ಯಾರ?"

ಅವರು ತಲೆ ಎತ್ತಲಿಲ್ಲ. "ನಾನ ತುಂಬೀನಿ. ದೀಪಾವಳಿಗೆ. ನೀ ಆಫೀಸಿಗೆ ಹೋಗಿದ್ದಿ."

ನಮ್ಮ ಕಡೆ ದೀಪಾವಳಿಯ ಹಿಂದಿನ ಸಂಜೆ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಪಟ್ಟೆ ಬರೆದು, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ನೀರು ತುಂಬುವ ಹಬ್ಬ. ಈ ಮನೆಗೆ ಬಂದ ಮೊದಲ ವರ್ಷ ಮಾವ ಹಂಡೆಗಾಗಿ ಹುಡುಕಾಡಿದರಂತೆ. ಸ್ನಾನದ ನೀರು ಕಾಯುವ ಟ್ಯಾಂಕು ಬಾಡಿಗೆಯದು, ಮೇಲಾಗಿ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಬಾಯ್ಲರ್ ಇತ್ತು.

"ಒಲಿ ಐತಿ, ನೀರ ಐತಿ, ಹೊಟ್ಟಿನೂ ಐತಿ. ಹಂಡೇವು ಅಲ್ದ ಮತ್ತೇನು ಅಂದ್ರು ನಿಮ್ಮ ಮಾವ." ಅತ್ತೆ ನಗುತ್ತಿದ್ದರು. "ಅರಿಸಿನದ್ದು ತಗದ್ರ ಹಳೀ ನೀರು ಹೊರಗ, ಕುಂಕುಮದ್ದು ತಗದ್ರ ಹೊಸಾ ನೀರು ಒಳಗ. ನನಗ ಗೊತ್ತಾಗ್ಲಿ ಅಂತ ಬೊಟ್ಟು ಇಟ್ಟಿದ್ರು. ಚಳಿಗಾಲದಾಗ ಸಪ್ಪಳಾ ಮಾಡಾಕ ಹತ್ತಿದ್ರ ಮತ್ತೊಮ್ಮಿ ಬದಲಿ ಮಾಡತಿದ್ರು. ಹಳಸಿದ ನೀರಿಗೆ ಹೊಟ್ಟಿ ಕೆಟ್ಟೇತಿ ಅಂತಿದ್ರು."

ಕಾರಣ ಸಿಕ್ಕಿತ್ತು. ಆ ಗಳಿಗೆ ನನಗೆ ಬಹಳ ಸಂತೋಷವಾಗಿತ್ತು. ಈಗ ನೆನೆದರೆ, ಸೋರುವ ಒಂದು ಕೀಲು ಸಿಕ್ಕಿದ್ದರೆ ಸಾಕಿತ್ತು ಅನಿಸುತ್ತದೆ.

ಭಾನುವಾರ ಅತ್ತೆಯ ಮಗ ಊಟಕ್ಕೆ ಬಂದ. ನಾನು ಎಲ್ಲವನ್ನೂ ವಿವರಿಸಿದೆ: ಬಾಯ್ಲರಿಗೆ ಏನೂ ಆಗಿಲ್ಲ, ತಳದ ಸುಣ್ಣ ತೆಗೆಸಿ ಇನ್ನು ಮುಂದೆ ಆ ನೀರನ್ನು ಮುಟ್ಟದಿದ್ದರೆ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಅತ್ತೆಯ ಪರವಾಗಿ ವಾದಿಸುತ್ತಿದ್ದೇನೆಂದೇ ನಾನು ತಿಳಿದಿದ್ದೆ.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನಕ್ಕ. "So basically ಅಪ್ಪಾನ ಅದನ್ನ ಕೆಡ್ಸಿದ್ದು. ವರ್ಷಾ ಪೂಜಿ ಮಾಡಿ ಮಾಡಿ." ಅದರಲ್ಲಿ ಕುಹಕ ಇರಲಿಲ್ಲ. ತಂದೆಯ ಬಗ್ಗೆ ಅಷ್ಟು ಅಕ್ಕರೆಯಿಂದ ಅವನು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಹೌದಲ್ಲ" ಎಂದರು ಅತ್ತೆ, ತಾವೂ ನಕ್ಕು. "ಅವರಿಗೇನ ಗೊತ್ತಿತ್ತು ಪಾಪ." ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ತಮ್ಮ ತಟ್ಟೆಯಲ್ಲಿದ್ದ ಅರ್ಧ ರೊಟ್ಟಿ ಹಾಗೆಯೇ ಉಳಿಯಿತು.

ಮೆಕ್ಯಾನಿಕ್ ಬಂದು ಸುಣ್ಣ ತೊಳೆದು, ತುಕ್ಕು ಹಿಡಿಯದಂತೆ ನೀರಿಗೆ ಔಷಧಿ ಬೆರೆಸಿ ಹೋದ. ಆ ಸಂಜೆ ಹೀಟು ಶುರುವಾದಾಗ ನಾವಿಬ್ಬರೂ ಹಾಲಿನಲ್ಲಿದ್ದೆವು. ರೇಡಿಯೇಟರ್ ಬಿಸಿಯಾಗುತ್ತಿರುವುದು ಕೈಯಿಟ್ಟರೆ ಮಾತ್ರ ತಿಳಿಯುತ್ತಿತ್ತು. ಅತ್ತೆ ಟಿವಿಯ ಧ್ವನಿ ತಗ್ಗಿಸಿ ಬಹಳ ಹೊತ್ತು ಕೇಳಿಸಿಕೊಂಡರು.

"ಛಲೋ ಮಾಡಿದಿ" ಎಂದರು. ಆಮೇಲೆ, "ಅಂದ್ರ ಬರೂ ದೀಪಾವಳಿಗೆ ತುಂಬೂದು ಇಲ್ಲ?"

"ಇಲ್ಲ ಅತ್ತಿ. ತುಂಬಿದ್ರ ಮತ್ತ ಶುರು ಆಗತೈತಿ. ಹೊರಗಿಂದ ಪೂಜಿ ಮಾಡ್ರಿ, ಅದಕ್ಕೇನೂ ಆಗೂದಿಲ್ಲ."

"ತುಂಬಲಾರದ ಹಂಡೇವಿಗೆ ಎಂಥಾ ಪೂಜಿ, ತಂಗಿ?"

ಅವರು ಸೆರಗಿನಿಂದ ರಿಮೋಟನ್ನು ಒರೆಸುತ್ತಾ ಕುಳಿತರು.

"ಅದನ್ನ ತಗಸೇ ಬಿಡೋಣು. ಬಟ್ಟಿ ಒಗ್ಯಾಕ ಕೆಳಗ ಹೋದಾಗೊಮ್ಮೆ ಅದರ ಮುಂದ ನಿಂತ ನಿಮ್ಮ ಮಾವನ್ನ ಮಾತಾಡಸತಿದ್ದೆ. ಈಗ ನಿಂತ್ರ, ಅವರ ಕೈಯಾರೆ ಕೆಡ್ಸಿದ್ರು ಅನ್ನೂದ ಮೊದಲ ಬರತೈತಿ. ಅವನಿಗೆ ನೀನ ಹೇಳು. ನಾ ಹೇಳಿದ್ರ ಯಾಕ ಅಂತ ಕೇಳ್ತಾನ."

ಇನ್ನೊಮ್ಮೆ ಯೋಚನೆ ಮಾಡಿ ನೋಡಿರಿ ಎಂದೆ. ಮಾವನಿಗೆ ಇದು ತಿಳಿಯುವ ದಾರಿ ಇರಲಿಲ್ಲ ಎಂದೆ. ಎರಡನ್ನೂ ಅವರು ತಲೆಯಾಡಿಸುತ್ತಾ ಕೇಳಿ, ಮಲಗಲು ಹೋದರು.

ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅತ್ತೆಯ ಮಗನಿಗೆ ಫೋನ್ ಮಾಡಿದೆ. ಬಾಯ್ಲರ್ ತೆಗೆದು ಹೊಸದನ್ನು ಹಾಕುವವರ ಹತ್ತಿರ ದಿನ ಗೊತ್ತು ಮಾಡಿಕೋ ಎಂದೆ.

"ಯಾಕ? It's fixed, right?"

ಹೌದು, ಪೂರ್ತಿ ಸರಿಯಾಗಿದೆ ಎಂದೆ. ಅವನು ಕಾರಣಕ್ಕಾಗಿ ಕಾಯುತ್ತಿದ್ದ. ಅತ್ತೆಗೆ ಬೇಡವಾಗಿದೆ ಎಂದಷ್ಟೇ ಹೇಳಿ, ಬಂದ ಟ್ರೇನನ್ನು ಹತ್ತಿದೆ.