ಆಕಾಶ ಮೊದಲು, ಗೋಳಿಬಜೆ ಕೊನೆಗೆ

ನಸುಕಿನ ಐದು ಗಂಟೆ. ಮೂಡುಬಿದಿರೆ ಬಳಿಯ ತೋಡಾರಿನ ಮೈದಾನದಲ್ಲಿ ಮಂಜಿಗೆ ಇನ್ನೂ ನಿದ್ದೆ ಬಿಟ್ಟಿಲ್ಲ. ತಲೆಗೆ ಬೈರಾಸು ಸುತ್ತಿದ ಲೋಕನಾಥ ಶೆಟ್ಟರು ಕತ್ತೆತ್ತಿ ನಿಂತಿದ್ದಾರೆ. ಅವರ ಸುತ್ತ ನಿಂತ ಊರವರೂ ಕನಸಿನಲ್ಲಿದ್ದವರಂತೆ ಮೇಲೆ ನೋಡುತ್ತಿದ್ದಾರೆ.

ಶೆಟ್ಟರ ಹೋಟೆಲಿನ ಚಹಾ ಗೊತ್ತಿಲ್ಲದವರು ಇಲ್ಲಿಲ್ಲ. ಆದರೆ ಮಧ್ಯಾಹ್ನ ಹೋಟೆಲಿನ ಬಾಗಿಲೆಳೆದು, ಸ್ಕೂಟರಿನಲ್ಲಿ ಮೈಕ್ ಕಟ್ಟಿಕೊಂಡು ಕನ್ಯಾನಕ್ಕೋ ಮುಂಡಾಜೆಗೋ ಹೊರಡುವ ಶೆಟ್ಟರು ಎಷ್ಟು ಜನಕ್ಕೆ ಗೊತ್ತು? ಉಪಗ್ರಹ, ರೋಬೋಟ್, ಕೃತಕ ಬುದ್ಧಿಮತ್ತೆ ಅಂದರೇನೆಂದು ತುಳುವಿನಲ್ಲಿ ಬಿಡಿಸಿ ಹೇಳುವುದು ಅವರಿಗೆ ಹಿಡಿದ ಹುಚ್ಚು.

"ಮೊದಲ ಸಲ ಬಂಟ್ವಾಳದಲ್ಲಿ ಗೋಳಿಬಜೆ ಮೊದಲೇ ಹಂಚಿಬಿಟ್ಟೆ ಮಾರಾಯ್ರೆ. ತಿಂದವರೆಲ್ಲ ಕೈತೊಳೆದು ಮನೆಗೆ! ನಾನು ಖಾಲಿ ಕುರ್ಚಿಗಳಿಗೆ ಚಂದ್ರನ ವಿಷಯ ಹೇಳಿದೆ," ಎಂದು ನಗುತ್ತಾರೆ. ಅಂದಿನಿಂದ ಗೋಳಿಬಜೆ ಕೊನೆಗೇ.

ಇವತ್ತು ಬಾಹ್ಯಾಕಾಶ ನಿಲ್ದಾಣ ಈ ಊರಿನ ಮೇಲೆ ಹಾದುಹೋಗಲಿದೆ. ಮೀನು ವ್ಯಾಪಾರದ ಮೂಸಬ್ಬ ಕಿವಿಗೆ ಮೊಬೈಲ್ ಒತ್ತಿಕೊಂಡಿದ್ದಾರೆ. ಆ ಕಡೆ ಶಾರ್ಜಾದಲ್ಲಿ ನರ್ಸ್ ಆಗಿರುವ ಮಗಳು ನುಸ್ರತ್, ರಾತ್ರಿ ಪಾಳಿಯ ನಡುವೆ ಆಸ್ಪತ್ರೆಯ ತಾರಸಿಗೆ ಬಂದು ನಿಂತಿದ್ದಾಳೆ.

"ಅದು ಶಾರ್ಜಾ ದಾಟಿ ಇಲ್ಲಿಗೆ ಬರುವುದು ಅಂದಿರಲ್ಲ ಲೋಕಣ್ಣ, ಅವಳಿಗೂ ಕಾಣ್ತದಲ್ಲ? ಮಗಳ ಮುಖ ನೋಡದೆ ಎರಡು ವರ್ಷ ಆಯ್ತು. ಇಬ್ಬರೂ ಒಂದೇ ಬೆಳಕು ನೋಡುವ ಅಂತ."

ಶೆಟ್ಟರು ಆಕಾಶ ಬಿಟ್ಟು ಮೂಸಬ್ಬರತ್ತ ತಿರುಗುತ್ತಾರೆ. ಹೂಂ ಅಂದುಬಿಟ್ಟರೆ ಮುದುಕರಿಗೆ ಸಂತೋಷ. ಆದರೆ ಗೊತ್ತಿದ್ದೂ ಸುಳ್ಳು ಹೇಳಿದರೆ ನಾಳೆ ಯಾವ ಮುಖ ಹೊತ್ತು ಮೈಕ್ ಹಿಡಿಯುವುದು?

"ಇಲ್ಲ ಮೂಸಬ್ಬಾಕ. ಅಲ್ಲಿ ಹಾದುಹೋಗುವಾಗ ಅದು ಭೂಮಿಯ ನೆರಳಲ್ಲಿರ್ತದೆ, ಕಾಣುವುದಿಲ್ಲ. ನಮ್ಮಲ್ಲಿಗೆ ಬರುವಾಗ ಬಿಸಿಲು ತಾಗಿ ಹೊಳೀತದೆ."

ಮೂಸಬ್ಬರ ಮುಖ ಬಾಡುತ್ತದೆ. ಛೆ, ಹೇಳಬಾರದಿತ್ತೇನೋ ಅನಿಸುತ್ತದೆ ಶೆಟ್ಟರಿಗೆ.

ಅಷ್ಟರಲ್ಲಿ ವಾಯವ್ಯದ ಕತ್ತಲಿನಿಂದ ಒಂದು ಬೆಳಕು ತಟ್ಟನೆ ಹುಟ್ಟಿ, ಸದ್ದಿಲ್ಲದೆ ತೇಲತೊಡಗುತ್ತದೆ. ಮೂಸಬ್ಬ ರೆಪ್ಪೆ ಮುಚ್ಚದೆ ನೋಡುತ್ತಾರೆ. ಆಮೇಲೆ ಮೊಬೈಲಿಗೆ ಬ್ಯಾರಿ ಮಾತಿನಲ್ಲಿ ಮೆಲ್ಲಗೆ ಹೇಳುತ್ತಾರೆ: "ಮಗಳೇ, ಈಗಷ್ಟೇ ನಿನ್ನ ತಲೆಯ ಮೇಲಿಂದ ಹೊರಟದ್ದು ಇಲ್ಲಿಗೆ ಬಂತು. ನೀನು ಹೋಗಿ ಕೆಲಸ ನೋಡು, ನಾನು ನೋಡ್ತಾ ಇದ್ದೇನೆ."

ಬೆಳಕು ಆಗ್ನೇಯದಲ್ಲಿ ಕರಗುತ್ತದೆ. ಆದರೂ ಯಾರೂ ಕದಲುವುದಿಲ್ಲ. ಶೆಟ್ಟರು ಕಣ್ಣೊರೆಸಿಕೊಂಡು, ಮುಚ್ಚಿಟ್ಟ ಬುಟ್ಟಿಯತ್ತ ಕೈ ತೋರಿಸುತ್ತಾರೆ.

"ಗೋಳಿಬಜೆ ತಣ್ಣಗಾಗ್ತಾ ಉಂಟು. ಒಬ್ಬರಿಗಾದರೂ ನೆನಪುಂಟಾ ನೋಡಿ."